ಋತುಸ್ರಾವದ ಮುನ್ನಿನ ದಿನಗಳು: ವ್ಯಾಯಾಮ ಮತ್ತು ಭೌತಚಿಕಿತ್ಸೆಯ ನೆರವು

ತಿಂಗಳಿನ ಕೆಲವು ದಿನಗಳಲ್ಲಿ ಮನೆಯ ಹೆಣ್ಣುಮಕ್ಕಳು ಕಾರಣವಿಲ್ಲದೆ ಸಿಡುಕುತ್ತಾರೆ, ಸಣ್ಣ ಮಾತಿಗೂ ಕಣ್ಣೀರಿಡುತ್ತಾರೆ ಎಂಬುದು ಅನೇಕ ಕುಟುಂಬಗಳಲ್ಲಿ ಕೇಳಿಬರುವ ದೂರು. ಅದೇ ದಿನಗಳಲ್ಲಿ ಆಕೆಯ ಸೊಂಟ ನೋಯುತ್ತಿರುತ್ತದೆ, ಹೊಟ್ಟೆ ಉಬ್ಬರಿಸಿರುತ್ತದೆ, ಎದೆ ಭಾರವಾಗಿ ಮುಟ್ಟಿದರೆ ನೋಯುವಂತಿರುತ್ತದೆ, ರಾತ್ರಿ ನಿದ್ರೆ ಬರುವುದಿಲ್ಲ. ಆದರೆ ಇದನ್ನು ಆಕೆ ಯಾರ ಬಳಿಯೂ ಹೇಳಿಕೊಳ್ಳುವುದಿಲ್ಲ. ಮುಟ್ಟು ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಎಲ್ಲವೂ ತಿಳಿಯಾಗುತ್ತದೆ. ಮುಂದಿನ ತಿಂಗಳು ಮತ್ತೆ ಮರುಕಳಿಸುತ್ತದೆ. ಹೀಗೆ ವರ್ಷಗಟ್ಟಲೆ ನಡೆದು, ಕೊನೆಗೆ ಅದು ಆಕೆಯ ಸ್ವಭಾವವೆಂದೇ ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ವೇಳೆ ಆಕೆಯೂ ಹಾಗೆಯೇ ನಂಬಿಬಿಡುತ್ತಾಳೆ.

ವೈದ್ಯಶಾಸ್ತ್ರವು ಇದನ್ನು ದೇಹದ ಒಂದು ಸ್ಥಿತಿಯೆಂದು ಬಹಳ ಹಿಂದೆಯೇ ಗುರುತಿಸಿದೆ. 1931ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಫ್ರ್ಯಾಂಕ್ ಅವರು ಮುಟ್ಟಿಗೆ ಮುನ್ನ ಕಾಣುವ ಉದ್ವೇಗದ ಕುರಿತು ಬರೆದರು. 1953ರಲ್ಲಿ ಬ್ರಿಟನ್ನಿನ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಅವರು ಇದಕ್ಕೆ ‘ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್’, ಅಂದರೆ ‘ಮುಟ್ಟಿನ ಪೂರ್ವದ ಲಕ್ಷಣಾವಳಿ’ ಎಂಬ ಹೆಸರಿತ್ತರು. ಈ ತೊಂದರೆಯನ್ನು ಬಹುಮಟ್ಟಿಗೆ ಹತೋಟಿಗೆ ತರಲು ಸಾಧ್ಯ. ಅದಕ್ಕೆ ಮೊದಲ ಸಾಧನ ನಿಯಮಿತ ವ್ಯಾಯಾಮ.

ಹೀಗೇಕಾಗುತ್ತದೆ?

ಋತುಚಕ್ರದ ಅವಧಿ ಸಾಮಾನ್ಯವಾಗಿ 21ರಿಂದ 35 ದಿನಗಳು. ಮುಂದಿನ ಮುಟ್ಟಿಗೆ ಸುಮಾರು 14 ದಿನಗಳ ಮೊದಲು ಅಂಡಾಶಯದಿಂದ ಅಂಡವು ಬಿಡುಗಡೆಯಾಗುತ್ತದೆ. ಆ ಬಳಿಕ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪ್ರಮಾಣ ಏರುತ್ತದೆ. ಗರ್ಭ ನಿಲ್ಲದಿದ್ದರೆ, ಚಕ್ರದ ಕೊನೆಯ ದಿನಗಳಲ್ಲಿ ಪ್ರೊಜೆಸ್ಟರಾನ್ ಮತ್ತು ಈಸ್ಟ್ರೋಜನ್ ಎರಡೂ ವೇಗವಾಗಿ ಇಳಿಯುತ್ತವೆ. ತೊಂದರೆಗಳು ಕಾಣಿಸಿಕೊಳ್ಳುವುದು ಈ ಅವಧಿಯಲ್ಲಿಯೇ.

ಈ ಏರಿಳಿತ ಎಲ್ಲ ಸ್ತ್ರೀಯರಲ್ಲಿಯೂ ಇರುವಾಗ ಕೆಲವರಿಗೆ ಮಾತ್ರ ಏಕೆ ಕಷ್ಟವೆಂಬ ಪ್ರಶ್ನೆ ಸಹಜ. ತೊಂದರೆಯಿರುವವರಲ್ಲಿಯೂ ಇಲ್ಲದವರಲ್ಲಿಯೂ ಹಾರ್ಮೋನುಗಳ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ವ್ಯತ್ಯಾಸವಿರುವುದು ಆ ಏರಿಳಿತಕ್ಕೆ ಮಿದುಳು ಸ್ಪಂದಿಸುವ ರೀತಿಯಲ್ಲಿ. ಮನಸ್ಸಿನ ಸಮಸ್ಥಿತಿಯನ್ನು ಕಾಯುವ ಸೆರೊಟೋನಿನ್ ಎಂಬ ರಾಸಾಯನಿಕದ ಕಾರ್ಯವೂ ಇದರಿಂದ ಏರುಪೇರಾಗುತ್ತದೆ. ಆದುದರಿಂದಲೇ ರಕ್ತಪರೀಕ್ಷೆಯಲ್ಲಿ ಈ ತೊಂದರೆ ಗೋಚರಿಸುವುದಿಲ್ಲ. ‘ಎಲ್ಲವೂ ಸರಿಯಿದೆ’ ಎಂಬ ವರದಿ ಬಂದ ಮಾತ್ರಕ್ಕೆ ಆಕೆಯ ನೋವು ಸುಳ್ಳೆಂದು ಭಾವಿಸಬಾರದು.

ಮೊದಲು ಗುರುತಿಸಿಕೊಳ್ಳುವುದು

ಗೋಡೆಯ ಕ್ಯಾಲೆಂಡರಿನಲ್ಲಿಯೋ ಸಣ್ಣ ಪುಸ್ತಕದಲ್ಲಿಯೋ ಕನಿಷ್ಠ ಎರಡು ಋತುಚಕ್ರಗಳ ಕಾಲ ದಿನವೂ ಗುರುತು ಹಾಕಿಕೊಳ್ಳಬೇಕು. ಸೊಂಟನೋವು, ಹೊಟ್ಟೆಯುಬ್ಬರ, ತಲೆನೋವು, ಸಿಡುಕು, ದುಃಖ, ನಿದ್ರೆ ಮೊದಲಾದ ಒಂದೊಂದಕ್ಕೂ ಇಲ್ಲವೆಂದರೆ 0, ತೀವ್ರವೆಂದರೆ 3 ಎಂಬಂತೆ ಅಂಕ ಬರೆದರೆ ಸಾಕು. ಮುಟ್ಟಿನ ಮೊದಲ ದಿನವನ್ನು ಎದ್ದು ಕಾಣುವಂತೆ ಗುರುತಿಸಬೇಕು.

ಮುಟ್ಟಿಗೆ ಮುನ್ನಿನ ಐದು ದಿನಗಳಲ್ಲಿ ಅಂಕಗಳು ಏರಿ, ಮುಟ್ಟು ಆರಂಭವಾದ ನಾಲ್ಕು ದಿನಗಳೊಳಗೆ ಇಳಿದುಹೋಗಿ, ಪ್ರತಿ ತಿಂಗಳೂ ಇದೇ ಕ್ರಮ ಕಂಡುಬಂದರೆ, ಅದು ಮುಟ್ಟಿನ ಪೂರ್ವದ ತೊಂದರೆಯೆಂದು ತಿಳಿಯಬಹುದು. ಆಯಾಸವೋ ದುಃಖವೋ ತಿಂಗಳಿಡೀ ಒಂದೇ ಸಮನಾಗಿದ್ದರೆ ಕಾರಣ ಬೇರೆಯಿರುತ್ತದೆ: ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ ಅಥವಾ ಖಿನ್ನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಆದಕಾರಣ ಸದಾ ದಣಿವಿರುವವರು ವ್ಯಾಯಾಮ ಆರಂಭಿಸುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ವ್ಯಾಯಾಮ ಹೇಗೆ ನೆರವಾಗುತ್ತದೆ?

ವ್ಯಾಯಾಮದ ವೇಳೆ ದೇಹದಲ್ಲಿ ನೋವನ್ನು ತಗ್ಗಿಸುವ ಎಂಡಾರ್ಫಿನ್‌ಗಳು ಉತ್ಪತ್ತಿಯಾಗುತ್ತವೆ. ಬಿಗಿದುಕೊಂಡ ಸೊಂಟದ ಸ್ನಾಯುಗಳು ಸಡಿಲಗೊಳ್ಳುತ್ತವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿ, ಕಾಲಿನಲ್ಲಿ ನಿಂತ ನೀರನ್ನೂ ರಕ್ತವನ್ನೂ ಮೇಲಕ್ಕೆ ತಳ್ಳುವುದರಿಂದ ಪಾದಗಳ ಬಾವು ಇಳಿಯುತ್ತದೆ. ರಾತ್ರಿಯ ನಿದ್ರೆ ಆಳವಾಗುತ್ತದೆ. ನಿದ್ರೆ ಸರಿಹೋದರೆ ಸಿಡುಕು ತಾನಾಗಿಯೇ ತಗ್ಗುತ್ತದೆ. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ತನ್ನ ಮಾರ್ಗಸೂಚಿಯಲ್ಲಿ ಈ ತೊಂದರೆಯ ಮೊದಲ ಹಂತದ ಉಪಚಾರಗಳ ಸಾಲಿನಲ್ಲಿಯೇ ವ್ಯಾಯಾಮವನ್ನು ಹೆಸರಿಸಿದೆ.

ಇಲ್ಲಿ ಹಲವರು ಒಂದು ಅಂಶವನ್ನು ಮರೆಯುತ್ತಾರೆ. ತೊಂದರೆ ಕಾಣಿಸಿಕೊಂಡ ದಿನ ಮಾತ್ರ ವ್ಯಾಯಾಮ ಮಾಡಿ, ಫಲ ಸಿಗಲಿಲ್ಲವೆಂದು ಕೈಬಿಡುತ್ತಾರೆ. ತಿಂಗಳುದ್ದಕ್ಕೂ ಮಾಡಿದ ವ್ಯಾಯಾಮವೇ ಆ ಐದಾರು ದಿನಗಳಿಗೆ ಒದಗುವುದು. ಎರಡು ಮೂರು ತಿಂಗಳು ಬಿಡದೆ ಮಾಡಿದ ಬಳಿಕವೇ ಬದಲಾವಣೆಯನ್ನು ಅಳೆಯಬೇಕು. ಹಳೆಯ ಅಂಕಗಳನ್ನು ಹೊಸ ಅಂಕಗಳೊಡನೆ ಹೋಲಿಸಿದಾಗ ಅದು ಕಣ್ಣಿಗೆ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನೂ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಸೂಚಿಸಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆಯ ಬಿರುಸು ನಡಿಗೆಯೆಂದರೆ 150 ನಿಮಿಷಗಳಾದವು. ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಮಧ್ಯಮ ಪ್ರಮಾಣವೆಂದರೆ ಇದೇ. ಮುಟ್ಟು ಮುಗಿದ ನಂತರದ ವಾರಗಳಲ್ಲಿ ವೇಗವನ್ನು ಹೆಚ್ಚಿಸಿಕೊಳ್ಳಬಹುದು. ಮುಟ್ಟಿನ ಹಿಂದಿನ ವಾರ ದೇಹ ಬಳಲಿದ್ದರೆ ವೇಗವನ್ನು ತಗ್ಗಿಸಿದರೂ ನಡಿಗೆಯನ್ನು ನಿಲ್ಲಿಸಬಾರದು.

ಮನೆಗೆಲಸವೇ ವ್ಯಾಯಾಮವಲ್ಲವೇ?

ಹೀಗೆ ಕೇಳುವ ತಾಯಂದಿರು ಬಹಳ. ಕಸ ಗುಡಿಸುವುದು, ನೀರು ಹೊರುವುದು, ಹೊಲದಲ್ಲಿ ಕಳೆ ಕೀಳುವುದು ಇವೆಲ್ಲವೂ ಶ್ರಮವೇ. ಹೃದಯಕ್ಕೂ ಮೂಳೆಗೂ ಇವುಗಳಿಂದ ಉಪಯೋಗವಿದೆ. ಆದರೆ ಈ ಕೆಲಸಗಳಲ್ಲಿ ದೇಹ ಬಹುಪಾಲು ಮುಂದಕ್ಕೆ ಬಾಗಿರುತ್ತದೆ, ಇಲ್ಲವೇ ಕೊಡವನ್ನು ಹೊತ್ತು ಒಂದೇ ಮಗ್ಗುಲಿಗೆ ವಾಲಿರುತ್ತದೆ. ಸೊಂಟದ ಒಂದೇ ಭಾಗದ ಸ್ನಾಯುಗಳು ದುಡಿದು ಬಿಗಿಯುತ್ತವೆ. ಎದುರು ಭಾಗದವು ದುರ್ಬಲವಾಗುತ್ತವೆ. ಆ ಬಿಗಿತದ ಮೇಲೆ ಮುಟ್ಟಿನ ಪೂರ್ವದ ನೋವೂ ಸೇರಿದಾಗ ಬಾಧೆ ಇಮ್ಮಡಿಯಾಗುತ್ತದೆ. ಅಷ್ಟೇ ಅಲ್ಲದೆ, ಹತ್ತು ಕೆಲಸಗಳ ಚಿಂತೆಯಲ್ಲಿ ಮಾಡುವ ದುಡಿಮೆಯಿಂದ ಮನಸ್ಸಿಗೆ ಬಿಡುವು ದೊರೆಯದು. ಆದುದರಿಂದ ದುಡಿಯುವ ಮಹಿಳೆಗೂ ತನಗೆಂದೇ ಮೀಸಲಾದ ಅರ್ಧ ಗಂಟೆ ಬೇಕು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸಗಳು

ನೆಲದ ಮೇಲೆ ಚಾಪೆ ಅಥವಾ ಜಮಖಾನ ಹಾಸಿಕೊಂಡು, ಊಟವಾಗಿ ಎರಡು ಮೂರು ಗಂಟೆಗಳ ನಂತರ ಇವುಗಳನ್ನು ಮಾಡಬಹುದು. ಒಟ್ಟು ಇಪ್ಪತ್ತು ನಿಮಿಷಗಳು ಸಾಕು.

1. ಉದರದ ಉಸಿರಾಟ: ಅಂಗಾತ ಮಲಗಿ ಮೊಣಕಾಲುಗಳನ್ನು ಮಡಿಸಿ, ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಟ್ಟೆಯ ಮೇಲೂ ಇರಿಸಬೇಕು. ಉಸಿರೆಳೆದಾಗ ಹೊಟ್ಟೆಯ ಮೇಲಿನ ಕೈ ಮೇಲೇರಬೇಕು, ಎದೆಯ ಮೇಲಿನದು ಬಹುತೇಕ ಅಲುಗಬಾರದು. ಐದು ನಿಮಿಷ.

2. ಸೊಂಟವನ್ನು ನೆಲಕ್ಕೆ ಒತ್ತುವುದು: ಅದೇ ಭಂಗಿಯಲ್ಲಿ ಹೊಟ್ಟೆಯನ್ನು ಒಳಗೆಳೆದು, ಸೊಂಟದ ಕೆಳಗಿನ ಟೊಳ್ಳು ಜಾಗ ನೆಲಕ್ಕೆ ತಾಗುವಂತೆ ಒತ್ತಿ, ಐದು ಎಣಿಸಿ ಬಿಡಬೇಕು. ಹತ್ತು ಬಾರಿ.

3. ಮಾರ್ಜಾಲಾಸನ: ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಂತು, ಉಸಿರೆಳೆಯುತ್ತಾ ಬೆನ್ನನ್ನು ಕೆಳಗೆ ಬಾಗಿಸಿ ತಲೆಯೆತ್ತಬೇಕು, ಉಸಿರು ಬಿಡುತ್ತಾ ಬೆನ್ನನ್ನು ಕಮಾನಿನಂತೆ ಮೇಲೆತ್ತಬೇಕು. ನಿಧಾನವಾಗಿ ಎಂಟು ಹತ್ತು ಬಾರಿ.

4. ಶಶಾಂಕಾಸನ: ವಜ್ರಾಸನದಲ್ಲಿ ಕುಳಿತು, ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ತಾಗಿಸಿ ಅರ್ಧ ನಿಮಿಷ ವಿರಮಿಸಬೇಕು. ಹಣೆ ನೆಲಕ್ಕೆ ತಾಗದಿದ್ದರೆ ದಿಂಬನ್ನಿಡಬಹುದು. ಮೊಣಕಾಲಿನ ನೋವಿರುವವರು ಇದನ್ನು ಬಿಡಬೇಕು.

5. ಬದ್ಧಕೋಣಾಸನ: ಕುಳಿತು ಎರಡು ಅಂಗಾಲುಗಳನ್ನೂ ಜೋಡಿಸಿ, ಬೆನ್ನು ನೇರವಾಗಿರಿಸಿ ಒಂದು ನಿಮಿಷ ಇರಬೇಕು. ಮೊಣಕಾಲುಗಳನ್ನು ಬಲವಂತವಾಗಿ ಕೆಳಕ್ಕೆ ಒತ್ತಬಾರದು.

6. ಹಿಮ್ಮಡಿ ಎತ್ತುವುದು: ಗೋಡೆ ಹಿಡಿದು ನಿಂತು, ಬೆರಳುಗಳ ಮೇಲೆ ಏರಿ ಇಳಿಯಬೇಕು. ಹದಿನೈದು ಬಾರಿ.

ರಾತ್ರಿ ಮಲಗಿದಾಗ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಅವರು ರೂಪಿಸಿದ ಸ್ನಾಯು ಸಡಿಲಿಕೆಯ ವಿಧಾನವನ್ನು ಅನುಸರಿಸಬಹುದು. ಪಾದದಿಂದ ಮೊದಲುಗೊಂಡು ಮುಖದವರೆಗೆ ಒಂದೊಂದು ಭಾಗದ ಸ್ನಾಯುಗಳನ್ನು ಐದು ಕ್ಷಣ ಬಿಗಿಹಿಡಿದು, ಬಳಿಕ ಪೂರ್ಣವಾಗಿ ಸಡಿಲಬಿಡುವುದೇ ಆ ವಿಧಾನ.

ಭೌತಚಿಕಿತ್ಸಕರು ಏನು ಮಾಡಬಲ್ಲರು?

ಸೊಂಟ ಮತ್ತು ಕಿಬ್ಬೊಟ್ಟೆಯ ನೋವೇ ಪ್ರಧಾನವಾಗಿದ್ದರೆ ಫಿಸಿಯೋಥೆರಪಿ ತಜ್ಞರನ್ನು ಕಾಣುವುದು ಉಚಿತ. ನಿಲ್ಲುವ, ಕೂರುವ, ಬಾಗುವ ಭಂಗಿಗಳನ್ನು ಪರೀಕ್ಷಿಸಿ ಯಾವ ಸ್ನಾಯು ಬಿಗಿದಿದೆ, ಯಾವುದು ಸೋತಿದೆ ಎಂಬುದನ್ನು ಅವರು ಗುರುತಿಸುತ್ತಾರೆ. ಅದಕ್ಕೆ ತಕ್ಕ ವ್ಯಾಯಾಮವನ್ನು ಹೇಳಿಕೊಡುತ್ತಾರೆ.

ಶಾಖವು ಅತ್ಯಂತ ಸರಳವಾದ ಉಪಚಾರ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ಕಿಬ್ಬೊಟ್ಟೆಗೋ ಸೊಂಟಕ್ಕೋ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಸ್ನಾಯುಗಳ ಸೆಳೆತ ತಗ್ಗುತ್ತದೆ. ಚರ್ಮಕ್ಕೆ ಹಿತವಾಗುವಷ್ಟೇ ಬಿಸಿ ಇರಲಿ. ‘ಟೆನ್ಸ್’ ಎಂಬ ಸಣ್ಣ ಯಂತ್ರವು ಚರ್ಮದ ಮೂಲಕ ಮೃದುವಾದ ವಿದ್ಯುತ್ ಸ್ಪಂದನಗಳನ್ನು ಹಾಯಿಸಿ, ನೋವಿನ ಸಂದೇಶ ಮಿದುಳನ್ನು ತಲುಪದಂತೆ ತಡೆಯುತ್ತದೆ. ಮುಟ್ಟಿನ ನೋವಿಗೆ ಇದು ಉಪಯುಕ್ತವೆಂದು ಕಂಡುಬಂದಿದೆ. ಗರ್ಭಿಣಿಯರು ಮತ್ತು ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇದನ್ನು ಬಳಸಬಾರದು. ಉಳಿದವರೂ ತಜ್ಞರಿಂದ ಕಲಿತ ನಂತರವೇ ಬಳಸಬೇಕು.

ಇವುಗಳೊಡನೆ ಉಪ್ಪು, ಕಾಫಿ, ಚಹಾಗಳನ್ನು ಆ ದಿನಗಳಲ್ಲಿ ಮಿತಗೊಳಿಸಬೇಕು. ಸುಣ್ಣದಂಶವುಳ್ಳ ಆಹಾರವೂ ಸಹಕಾರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಹಾಲು, ಮೊಸರು, ಎಳ್ಳುಗಳಲ್ಲಿಯೂ ಅದು ಹೇರಳವಾಗಿದೆ.

ವೈದ್ಯರನ್ನು ಕಾಣಲೇಬೇಕಾದ ಸಂದರ್ಭಗಳು

ವ್ಯಾಯಾಮವೊಂದೇ ಎಲ್ಲಕ್ಕೂ ಸಾಲದು. ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮುಟ್ಟು ನಿಂತ ಮೇಲೂ ಉಳಿದರೆ, ಸ್ರಾವ ಏಳು ದಿನಗಳನ್ನು ಮೀರಿದರೆ, ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ರಕ್ತ ಹೋದರೆ ಸ್ತ್ರೀರೋಗ ತಜ್ಞರನ್ನು ಕಾಣುವುದಕ್ಕೆ ತಡಮಾಡಬಾರದು.

ಮತ್ತೊಂದು ಸ್ಥಿತಿಯಿದೆ. ಕೆಲವು ಸ್ತ್ರೀಯರಲ್ಲಿ ಆ ದಿನಗಳಲ್ಲಿ ತೀವ್ರವಾದ ಹತಾಶೆ, ಹಿಡಿತ ತಪ್ಪುವ ಕೋಪ, ಬದುಕೇ ಬೇಡವೆನ್ನಿಸುವ ಭಾವ ಮೂಡುತ್ತವೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಪ್ರತ್ಯೇಕ ಕಾಯಿಲೆಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು. ಇದಕ್ಕೆ ಪರಿಣಾಮಕಾರಿಯಾದ ಔಷಧಗಳೂ ಆಪ್ತಸಮಾಲೋಚನೆಯೂ ಇವೆ. ಸಾಯುವ ಮಾತು ಆಕೆಯ ಬಾಯಿಂದ ಬಂದರೆ, ‘ಮುಟ್ಟಾದರೆ ಸರಿಹೋಗುತ್ತದೆ’ ಎಂದು ಕಾಯುತ್ತಾ ಕೂರಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರ ಹೊಣೆ

ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ರಜಸ್ಸೂತಕವನ್ನೂ ತಳ್ಳಿಹಾಕಿದರು. ಮುಟ್ಟು ಮೈಲಿಗೆಯಲ್ಲವೆಂದು ಒಪ್ಪಿದ ಮನೆಗಳಲ್ಲಿಯೂ ಅದರ ಕುರಿತು ಮಾತನಾಡಲು ಸಂಕೋಚ ಇಂದಿಗೂ ಉಳಿದಿದೆ. ತಾಯಿಯು ಮಗಳಿಗೆ ಈ ದಿನಗಳ ಲೆಕ್ಕವಿಡುವುದನ್ನು ಕಲಿಸಬೇಕು. ಅತ್ತೆಯು ಸೊಸೆಗೆ ಬೆಳಗಿನ ನಡಿಗೆಗೆ ಬಿಡುವು ಮಾಡಿಕೊಡಬೇಕು. ಸಾಧ್ಯವಾದರೆ ತಾನೂ ಜೊತೆಗೆ ಹೊರಡಬೇಕು. ಗಂಡಸರು ಆ ಅರ್ಧ ಗಂಟೆ ಒಲೆಯ ಮುಂದೆ ನಿಂತರೆ ಅದೂ ಉಪಚಾರದ ಒಂದು ಭಾಗವೇ. ಈ ತಿಂಗಳಿನಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ಗುರುತು ಬೀಳಲಿ.