ದುಂಡು ಬೆನ್ನಿನ ಗಿಟಾರ್

ಈ ವರ್ಷದ ಸ್ನೇಹಸಮ್ಮೇಳನದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಗಿಟಾರ್ ನುಡಿಸಿದುದು ನಿಮಗೆ ನೆನಪಿರಬಹುದು. ಅವನ ವಾದ್ಯದ ಬೆನ್ನು ಚಪ್ಪಟೆಯಾಗಿರಲಿಲ್ಲ. ತಂಬೂರಿಯ ಬುರುಡೆಯಂತೆ ದುಂಡಾಗಿತ್ತು. “ಸರ್, ಅದು ಮರದ್ದೇ?” ಎಂದು ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು ನನ್ನನ್ನು ಕೇಳಿದನು. ಅಲ್ಲ, ಗಾಜಿನ ನಾರನ್ನೂ ರಾಳವನ್ನೂ ಕೂಡಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ಬೆನ್ನು ಅದು. ಅಂಥ ಗಿಟಾರ್ ಮೊದಲು ಹೊರಬಂದಾಗ ವಾದಕರು ಅದನ್ನು ಹೇಗೆ ಬರಮಾಡಿಕೊಂಡರೆಂಬುದು ತಿಳಿಯಬೇಕಾದ ಸಂಗತಿ.

ತಂತಿಯನ್ನು ಮೀಟಿದರೆ ತಂತಿಯೊಂದೇ ಹೆಚ್ಚು ಸದ್ದು ಮಾಡಲಾರದು. ಅದರ ಕಂಪನವು ಕುದುರೆಯ ಮೂಲಕ ಮುಂಬದಿಯ ತೆಳುವಾದ ಹಲಗೆಗೆ ಇಳಿದು, ಆ ಹಲಗೆಯು ಗಾಳಿಯನ್ನು ಅಲುಗಿಸಿದಾಗಲೇ ನಾದವು ತುಂಬಿ ಬರುತ್ತದೆ. ಸ್ಪೇನಿನ ಪ್ರಸಿದ್ಧ ವಾದ್ಯಶಿಲ್ಪಿ ಅಂತೋನಿಯೊ ದೆ ತೋರೆಸ್ ಅವರು 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮುಂಬದಿಗೆ ಮಾತ್ರ ಒಳ್ಳೆಯ ಮರವನ್ನಿಟ್ಟು ಒಂದು ಗಿಟಾರನ್ನು ಕಟ್ಟಿದರು. ಅದು ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಆದರೂ ರಟ್ಟಿನ ಗಿಟಾರ್ ರೂಢಿಗೆ ಬರಲಿಲ್ಲ. ಬೆನ್ನಿಗೆ ಬೀಟೆಯೋ ಮಹಾಗನಿಯೋ ಬೇಕೆಂಬ ನಂಬಿಕೆಯೇ ಉಳಿಯಿತು. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲೂ ಬೆಳೆಯುವ ಬೀಟೆಗೆ ಸಾಗರದಾಚೆ ಇಷ್ಟು ಬೆಲೆ ಬಂದುದಕ್ಕೆ ಈ ನಂಬಿಕೆಯೂ ಒಂದು ಕಾರಣ.

ಇದನ್ನು ಅಲುಗಿಸಲು ಹೊರಟವರು ಅಮೆರಿಕದ ಚಾರ್ಲ್ಸ್ ಕಾಮನ್. ಹೆಲಿಕಾಪ್ಟರುಗಳನ್ನು ತಯಾರಿಸುವ ಸಂಸ್ಥೆಯನ್ನು 1945ರಲ್ಲಿ ಸ್ಥಾಪಿಸಿದ ಅವರು ಸ್ವತಃ ಗಿಟಾರ್ ವಾದಕರೂ ಆಗಿದ್ದರು. ಹೆಲಿಕಾಪ್ಟರಿನಲ್ಲಿ ಕಂಪನವು ಶತ್ರು, ಅದನ್ನು ಅಡಗಿಸಬೇಕು. ಗಿಟಾರಿನಲ್ಲಿ ಅದೇ ಪ್ರಾಣ, ಅದನ್ನು ಬೆಳೆಸಬೇಕು. ಒಂದರಿಂದ ಕಲಿತ ವಿದ್ಯೆಯನ್ನು ಇನ್ನೊಂದಕ್ಕೆ ತಿರುಗಿಸಿ, 1966ರಲ್ಲಿ ‘ಓವೇಶನ್’ ಎಂಬ ಹೆಸರಿನ ಗಿಟಾರನ್ನು ಹೊರತಂದರು. ಮೂಲೆಗಳಿಲ್ಲದ ದುಂಡು ಬೆನ್ನು ನಾದವನ್ನು ಒಳಗೆ ಸಿಕ್ಕಿಸಿಕೊಳ್ಳದೆ ಮುಂದಕ್ಕೆ ಎಸೆಯುತ್ತದೆ ಎಂಬುದು ಅವರ ವಾದ.

ವಾದಕರಲ್ಲಿ ಎರಡು ಪಕ್ಷಗಳಾದವು. ಹವೆ ಬದಲಾದರೂ ಬೆನ್ನು ಬಿರಿಯುವುದಿಲ್ಲ, ಸದ್ದು ದೂರಕ್ಕೆ ಮುಟ್ಟುತ್ತದೆ ಎಂದು ಕೆಲವರು ಮೆಚ್ಚಿದರು. “ಇದು ಪ್ಲಾಸ್ಟಿಕ್ಕಿನ ಬೋಗುಣಿ, ತೊಡೆಯ ಮೇಲೆ ಇಟ್ಟರೆ ಜಾರುತ್ತದೆ, ನಾದದಲ್ಲಿ ಮರದ ಬೆಚ್ಚನೆಯ ಗುಣವಿಲ್ಲ” ಎಂಬುದು ಉಳಿದವರ ದೂರು. ಇಂಥ ದೂರನ್ನು ಬರಿಯ ಹಟವೆಂದು ತಳ್ಳಿಹಾಕುವುದು ನನಗೆ ಸರಿತೋರುವುದಿಲ್ಲ. ವಾದಕನು ಕಿವಿಯಿಂದ ಮಾತ್ರ ಕೇಳುವವನಲ್ಲ. ಎದೆಗೊತ್ತಿಕೊಂಡ ಮರದ ಬೆನ್ನಿನ ನಡುಕವೂ ಅವನಿಗೆ ತಿಳಿಯುತ್ತದೆ. ವರ್ಷಾನುಗಟ್ಟಲೆ ಮೈಗೆ ಒಗ್ಗಿದುದನ್ನು ಯಾವ ಅಳತೆಯ ಯಂತ್ರವೂ ಒಂದು ದಿನದಲ್ಲಿ ಮರೆಸಲಾರದು.

ಹಾಗಾದರೆ ಓವೇಶನ್ ಗೆದ್ದುದು ಹೇಗೆ? ನಮ್ಮ ಸಭಾಗೃಹದಲ್ಲಿ ಧ್ವನಿವರ್ಧಕವು ಒಮ್ಮೊಮ್ಮೆ ಕೀರಲು ದನಿಯಲ್ಲಿ ಕೂಗಿಕೊಳ್ಳುವುದನ್ನು ನೀವು ಕೇಳಿದ್ದೀರಿ. ಧ್ವನಿವರ್ಧಕದ ಸದ್ದು ಮತ್ತೆ ಮೈಕನ್ನು ಹೊಕ್ಕು ಸುತ್ತುವುದೇ ಅದಕ್ಕೆ ಕಾರಣ. ಗಿಟಾರನ್ನು ಮೈಕಿನೆದುರು ಹಿಡಿದು ನುಡಿಸುವವರಿಗೆ ಈ ಪೀಡೆ ತಪ್ಪಿದ್ದಲ್ಲ. 1970ರ ಸುಮಾರಿಗೆ ಓವೇಶನ್ ತಯಾರಕರು, ಒತ್ತಡ ಬಿದ್ದರೆ ವಿದ್ಯುತ್ತನ್ನು ಹೊರಡಿಸುವ ಸಣ್ಣ ತುಣುಕುಗಳನ್ನು ಕುದುರೆಯಲ್ಲಿ ತಂತಿಗಳ ಕೆಳಗೇ ಕೂರಿಸಿದರು. ಇನ್ನು ಮೈಕಿನ ಮುಂದೆ ಕಂಬದಂತೆ ನಿಲ್ಲಬೇಕಾಗಿಲ್ಲ! 1969ರಿಂದ 1972ರವರೆಗೆ ಅಮೆರಿಕದ ದೂರದರ್ಶನದಲ್ಲಿ ಗ್ಲೆನ್ ಕ್ಯಾಂಪ್‌ಬೆಲ್ ಎಂಬ ಗಾಯಕರ ಕಾರ್ಯಕ್ರಮವನ್ನು ನೋಡಿದವರಿಗೆ ಅವರ ಕೈಯಲ್ಲಿ ಈ ವಾದ್ಯವು ಕಾಣುತ್ತಿತ್ತು. ಜಾರುವ ದೂರಿಗೂ ಉತ್ತರವಾಗಿ ಆಳ ಕಡಿಮೆಯಿರುವ ಬೆನ್ನುಗಳು ಮುಂದೆ ಬಂದವು. ಕಾಮನ್ ಅವರು ಹೆಮ್ಮೆಪಟ್ಟದ್ದು ಬೆನ್ನಿನ ಆಕಾರಕ್ಕೆ. ವೇದಿಕೆಯ ವಾದಕರನ್ನು ಸೆಳೆದದ್ದು ಬಹುಮಟ್ಟಿಗೆ ಕುದುರೆಯೊಳಗಿನ ತುಣುಕು.

ವಾದಕರೇ ಕೇಳಿ ಮಾಡಿಸಿಕೊಂಡ ಬದಲಾವಣೆಯ ಗತಿ ಬೇರೆ. 1929ರಲ್ಲಿ ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕರು ದಂಡಿಯನ್ನು ಉದ್ದಗೊಳಿಸಿಕೊಡಿರೆಂದು ಮಾರ್ಟಿನ್ ಸಂಸ್ಥೆಯನ್ನು ಕೇಳಿದರು. ಒಡಲಿನಿಂದ ಹೊರಗೆ 12 ಮೆಟ್ಟುಗಳಿದ್ದ ಗಿಟಾರ್ 14 ಮೆಟ್ಟುಗಳದ್ದಾಯಿತು. ಕೆಲವೇ ವರ್ಷಗಳಲ್ಲಿ ಅದೇ ರೂಢಿಯಾಯಿತು.

ಸಮ್ಮೇಳನ ಮುಗಿದ ಮೇಲೆ ಆ ಹಳೆಯ ವಿದ್ಯಾರ್ಥಿಯನ್ನು ನಾನು ಮಾತನಾಡಿಸಿದೆ. ಕುಳಿತು ನುಡಿಸಿದರೆ ಈಗಲೂ ಜಾರುತ್ತದಂತೆ. ಅದಕ್ಕಾಗಿ ಪಟ್ಟಿಯನ್ನು ಹೆಗಲಿಗೆ ಹಾಕಿ ನಿಂತೇ ನುಡಿಸುತ್ತಾನೆ. “ಮನೆಯಲ್ಲಿ ಯಾವುದನ್ನು ನುಡಿಸುತ್ತೀಯಪ್ಪಾ?” ಎಂದೆ. “ಮನೆಯಲ್ಲಿ ಅಪ್ಪನ ಹಳೆಯ ಮರದ ಗಿಟಾರೇ, ಸರ್” ಎಂದು ನಕ್ಕನು.