ಹೊಗೆಸೊಪ್ಪಿನ ಬೇಸಾಯ ಮತ್ತು ಸೌದೆಯ ಉಳಿತಾಯ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನಿನ ಶಾಖದಲ್ಲಿ ಹದಮಾಡಬೇಕಷ್ಟೆ. 1 ಕಿಲೋ ಒಣಸೊಪ್ಪಿಗೆ ಸುಮಾರು 4ರಿಂದ 5 ಕಿಲೋ ಸೌದೆ ವೆಚ್ಚವಾಗುವುದು. ಲಾಭವು ಬೆಳೆಗಾರನದಾದರೂ ಭಾರವು ಮರಗಳ ಮೇಲೂ ಕೂಲಿಯವರ ಮೇಲೂ ಬೀಳುವುದು.

ಈ ಭಾರವನ್ನಿಳಿಸಲು ಹಿಂದೆ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆಯೆನಿಸಿದ್ದ ಸಂಸ್ಥೆಯ ಹುಣಸೂರು ಕೇಂದ್ರದ ವಿಜ್ಞಾನಿಗಳು ಜೀವಶಾಸ್ತ್ರವನ್ನೂ ಬ್ಯಾರನ್ನಿನ ವಿನ್ಯಾಸವನ್ನೂ ಜೊತೆಗೂಡಿಸಿರುವರು. ಸಸಿಮಡಿಗೆ ಗೊಬ್ಬರದೊಡನೆ ಸೇರಿಸಿದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವು ಸಸಿಗಳ ಕೊಳೆರೋಗವನ್ನು ತಡೆದು ವಿಷೌಷಧಗಳ ಬಳಕೆಯನ್ನು ತಗ್ಗಿಸುವುದು. ಬ್ಯಾರನ್ನಿನ ಮಾಡಿಗೆ ಶಾಖ ತಡೆಯುವ ಹೊದಿಕೆಯಿಟ್ಟು, ಗೋಡೆ ಬಾಗಿಲುಗಳ ಬಿರುಕುಗಳನ್ನು ಮುಚ್ಚಿದರೆ ಸೌದೆಯು ಉಳಿಯುವುದು.

ಒದ್ದೆಸೊಪ್ಪನ್ನು ಬರಿಗೈಯಿಂದ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ವಾಂತಿ, ತಲೆಸುತ್ತುಗಳುಂಟಾಗುವುವು. ಆದಕಾರಣ ಕೂಲಿಯವರಿಗೆ ಕೈಗವಸುಗಳನ್ನು ಒದಗಿಸುವುದೂ, ಸೌದೆಯ ಮರಗಳನ್ನು ತಮ್ಮ ಹೊಲದ ಬದುಗಳಲ್ಲಿಯೇ ಬೆಳೆಸುವುದೂ ಬೆಳೆಗಾರರಿಗೆ ನ್ಯಾಯವಾದ ಕರ್ತವ್ಯವು.