ಗಡಿ ದಾಟಿಸಿದ ಸೈಕಲ್ಲು

ಆಶ್ರಯ ಕೇಳುವ ಹಕ್ಕು ಕಾಗದದ ಮೇಲೆ ಎಲ್ಲರಿಗೂ ಇದೆ. ಕೇಳುವ ಜಾಗಕ್ಕೆ ಹೋಗುವ ದಾರಿ ಮಾತ್ರ ಮುಚ್ಚಿದೆ. 2015ರಲ್ಲಿ ಎರಡು ಸೈಕಲ್ ಯಾತ್ರೆಗಳು ಈ ಸತ್ಯವನ್ನು ಜಗತ್ತಿನ ಕಣ್ಣೆದುರು ಇಟ್ಟವು.

2015ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನಿಂದ ಸೈಕಲ್ ಸವಾರರ ಗುಂಪೊಂದು ಹೊರಟಿತು. ಇಂಗ್ಲಿಷ್ ಕಾಲುವೆಯಾಚೆ, ಫ್ರಾನ್ಸಿನ ಕ್ಯಾಲೆ ಪಟ್ಟಣದ ಅಂಚಿನಲ್ಲಿದ್ದ ನಿರಾಶ್ರಿತರ ಶಿಬಿರ ಅವರ ಗುರಿ. ತುಳಿದುಕೊಂಡು ಹೋದ ಸೈಕಲ್ಲುಗಳನ್ನು ಅಲ್ಲಿನವರಿಗೇ ಕೊಟ್ಟು ಬರಬೇಕೆಂಬುದು ಅವರ ಸಂಕಲ್ಪವಾಗಿತ್ತು. ಎಲ್ಲರೂ ‘ಜಂಗಲ್’ ಎಂದೇ ಕರೆಯುತ್ತಿದ್ದ ಆ ಶಿಬಿರದಲ್ಲಿ ಸುಡಾನ್, ಎರಿಟ್ರಿಯಾ, ಅಫ್ಗಾನಿಸ್ತಾನ, ಸಿರಿಯಾಗಳಿಂದ ಬಂದ ಸಾವಿರಾರು ಮಂದಿ ಟಾರ್ಪಾಲಿನ ಕೆಳಗೆ ದಿನ ದೂಡುತ್ತಿದ್ದರು. ಅಂಗಡಿಗೋ ವೈದ್ಯರ ಬಳಿಗೋ ಹೋಗಲು ಕಾಲ್ನಡಿಗೆಯೇ ಗತಿಯಾಗಿದ್ದವರಿಗೆ ಒಂದು ಸೈಕಲ್ ಎಂದರೆ ದೊಡ್ಡ ಆಸರೆ.

ಆದರೆ ಆ ಸೈಕಲ್ಲುಗಳ ದಾರಿಗೂ ಕಾಲುವೆಯ ಫ್ರಾನ್ಸ್ ಬದಿಯಲ್ಲೇ ಕೊನೆ. ಬ್ರಿಟನ್ನಿನಲ್ಲಿ ಆಶ್ರಯ ಕೇಳಬೇಕಾದರೆ ಮೊದಲು ಬ್ರಿಟನ್ನಿನ ನೆಲದ ಮೇಲೆ ಕಾಲಿಡಬೇಕು. 2003ರಲ್ಲಿ ಎರಡೂ ದೇಶಗಳು ಸಹಿ ಹಾಕಿದ ಲೆ ತುಕೆ ಒಪ್ಪಂದದ ಪ್ರಕಾರ ಬ್ರಿಟನ್ನಿನ ಗಡಿ ತಪಾಸಣೆ ನಡೆಯುವುದು ಫ್ರಾನ್ಸಿನ ನೆಲದಲ್ಲಿ. ಅಲ್ಲಿ ನಿಂತು ಅರ್ಜಿ ಹಾಕುವಂತಿಲ್ಲ, ಅರ್ಜಿ ಹಾಕುವ ಜಾಗಕ್ಕೆ ಹೋಗಲು ಬಿಡುವುದಿಲ್ಲ.

ಧ್ರುವದ ದಾರಿ

ಅದೇ ವರ್ಷದ ಶರತ್ಕಾಲದಲ್ಲಿ ಯುರೋಪಿನ ಉತ್ತರದ ತುದಿಯಲ್ಲಿ ನಿರಾಶ್ರಿತರೇ ಸೈಕಲ್ ಏರಿದರು. ನಾರ್ವೆ ಮತ್ತು ರಷ್ಯಾ ನಡುವಿನ ಗಡಿಯನ್ನು ಕಾನೂನುಬದ್ಧವಾಗಿ ದಾಟಲು ಇರುವ ರಸ್ತೆ ಒಂದೇ. ಅದು ಕಿರ್ಕೆನೆಸ್ ಪಟ್ಟಣದ ಹತ್ತಿರದ ಸ್ಟೂರ್‌ಸ್ಕೂಗ್ ಠಾಣೆಯ ಮೂಲಕ ಹಾದುಹೋಗುತ್ತದೆ. ಆರ್ಕ್ಟಿಕ್ ವೃತ್ತಕ್ಕಿಂತ ಎಷ್ಟೋ ಮೇಲಿರುವ ಈ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಮೂಡುವುದೇ ಇಲ್ಲ.

ಈ ಗಡಿಯನ್ನು ನಡೆದು ದಾಟಲು ರಷ್ಯಾದ ನಿಯಮ ಬಿಡುತ್ತಿರಲಿಲ್ಲ. ಕಾಗದಪತ್ರ ಇಲ್ಲದವರನ್ನು ವಾಹನದಲ್ಲಿ ಕರೆತಂದ ಚಾಲಕನಿಗೆ ನಾರ್ವೆಯಲ್ಲಿ ದಂಡ ಕಾದಿತ್ತು. ಸೈಕಲ್ ಬಗ್ಗೆ ಮಾತ್ರ ಯಾವ ನಿಯಮವೂ ಚಕಾರ ಎತ್ತಿರಲಿಲ್ಲ. ಮಾಸ್ಕೋಗೆ ವಿಮಾನದಲ್ಲಿ ಬಂದವರು, ರಷ್ಯಾದಲ್ಲೇ ಕೆಲವು ವರ್ಷ ಕಳೆದವರು ಮುರ್ಮನ್ಸ್ಕ್‌ವರೆಗೆ ಬಂದು, ಗಡಿಯ ಪಕ್ಕದ ನಿಕೆಲ್ ಊರನ್ನು ಹಾದು, ಟ್ಯಾಕ್ಸಿಯಿಂದಿಳಿದು ಕೊನೆಯ ಒಂದಿಷ್ಟು ದೂರವನ್ನು ಸೈಕಲ್ ತುಳಿದು ದಾಟಿದರು.

ಆ ದಿನಗಳ ಚಿತ್ರಗಳನ್ನು ನೋಡಿದರೆ ಎದೆ ಹಿಂಡುತ್ತದೆ. ದಪ್ಪ ಕೋಟು ತೊಟ್ಟ ಗಂಡಸರು ಮಕ್ಕಳ ಸೈಕಲ್ ಮೇಲೆ ಮಂಡಿ ಮಡಚಿ ಕೂತಿದ್ದಾರೆ. ಸೈಕಲ್ ಕಲಿಯದವರು ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಬರುತ್ತಿದ್ದಾರೆ. ಹೊಸ ಸೈಕಲ್ಲುಗಳ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚುವಷ್ಟೂ ಪುರುಸೊತ್ತು ಸಿಕ್ಕಿಲ್ಲ. ಠಾಣೆಯ ಪಕ್ಕದಲ್ಲಿ ನೂರಾರು ಸೈಕಲ್ಲುಗಳ ರಾಶಿ. ಅವು ನಾರ್ವೆಯ ರಸ್ತೆ ಸುರಕ್ಷತಾ ನಿಯಮಕ್ಕೆ ಸಲ್ಲುವುದಿಲ್ಲವೆಂದು ಅಧಿಕಾರಿಗಳು ಅವನ್ನು ಗುಜರಿಗೆ ಕಳಿಸಿದರು.

2014ರಲ್ಲಿ ಈ ಠಾಣೆಗೆ ಬಂದು ಆಶ್ರಯ ಕೇಳಿದವರು ಬೆರಳೆಣಿಕೆಯಷ್ಟು. 2015ರಲ್ಲಿ ಆ ಸಂಖ್ಯೆ ಸುಮಾರು 5,500. ಮೊದಮೊದಲು ಸಿರಿಯಾದವರೇ ಹೆಚ್ಚು, ಆಮೇಲೆ ಅಫ್ಗನ್ನರೂ ದೊಡ್ಡ ಸಂಖ್ಯೆಯಲ್ಲಿ ಬಂದರು.

ವಿಮಾನದಲ್ಲಿ ಬರಬಾರದೇಕೆ?

ಇಷ್ಟು ಕಷ್ಟಪಡುವ ಬದಲು ನೇರವಾಗಿ ವಿಮಾನ ಹತ್ತಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹತ್ತಲು ಬಿಡುವುದಿಲ್ಲ. ವೀಸಾ ಇಲ್ಲದವರನ್ನು ಕರೆತರುವ ವಿಮಾನಯಾನ ಸಂಸ್ಥೆಗಳಿಗೆ ದಂಡ ಹಾಕಬೇಕೆಂದು ಐರೋಪ್ಯ ಒಕ್ಕೂಟ 2001ರಲ್ಲೇ ನಿರ್ದೇಶನ ಹೊರಡಿಸಿದೆ. ಆಶ್ರಯ ಬೇಡುವುದಕ್ಕೆಂದು ವೀಸಾ ಕೇಳಿದರೆ ಸಿಗುವುದು ತೀರಾ ಅಪರೂಪ. ಹಾಗಾಗಿ ಗಡಿಯಲ್ಲಿ ಗೋಡೆ ಕಟ್ಟುವ ಮೊದಲೇ ದೂರದ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಗೋಡೆ ಎದ್ದಿರುತ್ತದೆ. ಏಜಿಯನ್ ಸಮುದ್ರ ದಾಟುವ ರಬ್ಬರ್ ದೋಣಿ, ಕ್ಯಾಲೆಯಲ್ಲಿ ಕದ್ದು ಹತ್ತುವ ಲಾರಿ, ಸ್ಟೂರ್‌ಸ್ಕೂಗ್‌ನ ಸೈಕಲ್, ಎಲ್ಲವೂ ಹುಟ್ಟಿದ್ದು ಆ ಒಂದು ಕೌಂಟರಿನಲ್ಲಿ.

2015ರ ನವೆಂಬರ್ ಕೊನೆಗೆ ಸೈಕಲ್ ದಾರಿಯೂ ಮುಚ್ಚಿತು. ನಾರ್ವೆಗೆ ಹೋಗುವ ವೀಸಾ ಇಲ್ಲದವರನ್ನು ಗಡಿಗೆ ಬಿಡುವುದನ್ನು ರಷ್ಯಾ ನಿಲ್ಲಿಸಿತು. ರಷ್ಯಾದಿಂದ ಬಂದವರ ಅರ್ಜಿಯ ಒಳಹೊಕ್ಕು ನೋಡದೆಯೇ ವಾಪಸ್ ಕಳಿಸಲು ಅನುವಾಗುವಂತೆ ನಾರ್ವೆ ಕಾನೂನು ತಿದ್ದಿತು. 2016ರ ಜನವರಿಯ ಹೆಪ್ಪುಗಟ್ಟುವ ಚಳಿಯಲ್ಲಿ ಜನರನ್ನು ಮತ್ತೆ ಸೈಕಲ್ ಮೇಲೆಯೇ ಹಿಂದಕ್ಕೆ ಅಟ್ಟುವ ಯೋಚನೆಯೂ ನಡೆದು, ಟೀಕೆಗೆ ಗುರಿಯಾಯಿತು. ಒಂದಷ್ಟು ಮಂದಿಯನ್ನು ಬಸ್ಸಿನಲ್ಲಿ ಕಳಿಸಿದ ಮೇಲೆ ರಷ್ಯಾವೇ ತಡೆ ಹಾಕಿತು. ಕೆಲವರು ಕಿರ್ಕೆನೆಸ್‌ನ ಚರ್ಚಿನಲ್ಲಿ ಆಸರೆ ಪಡೆದರು. ಊರಿನ ಜನ ಅವರ ಬೆನ್ನಿಗೆ ನಿಂತರು.

ನಿರಾಶ್ರಯ ಏನೆಂದು ಆ ಊರಿಗೆ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಕಿರ್ಕೆನೆಸ್ ನೆಲಸಮವಾಗಿತ್ತು. 1944ರ ಅಕ್ಟೋಬರಿನಲ್ಲಿ ಸೋವಿಯತ್ ಸೇನೆ ಬಂದು ಬಿಡುಗಡೆ ಮಾಡುವವರೆಗೆ ಸುತ್ತಲಿನ ಸಾವಿರಾರು ಜನ ಬ್ಯೋರ್ನೆವಾಟ್ನ್ ಗಣಿಯ ಸುರಂಗದಲ್ಲಿ ಜೀವ ಉಳಿಸಿಕೊಂಡಿದ್ದರು. ಕೂಸುಗಳು ಹುಟ್ಟಿದ್ದೂ ಅಲ್ಲೇ. ನಾರ್ವೆ ಫ್ರಿಟ್ಯೋಫ್ ನಾನ್ಸೆನ್ ಹುಟ್ಟಿದ ದೇಶ ಕೂಡ. ಧ್ರುವ ಅನ್ವೇಷಕರಾಗಿದ್ದ ನಾನ್ಸೆನ್ 1921ರಲ್ಲಿ ರಾಷ್ಟ್ರಸಂಘದ ನಿರಾಶ್ರಿತರ ಹೈಕಮಿಷನರ್ ಆದರು. ದೇಶವೇ ಇಲ್ಲದವರ ಕೈಗೂ ಪ್ರಯಾಣಪತ್ರ ಕೊಡಿಸಿದರು. ಆ ನಾನ್ಸೆನ್ ಪಾಸ್‌ಪೋರ್ಟನ್ನು 50ಕ್ಕೂ ಹೆಚ್ಚು ದೇಶಗಳು ಮಾನ್ಯ ಮಾಡಿದ್ದವು. ನೂರು ವರ್ಷದ ಹಿಂದೆ ಸಾಧ್ಯವಾದದ್ದು ಇಂದು ಅಸಾಧ್ಯ ಎಂಬ ಮಾತನ್ನು ನಾನು ನಂಬುವುದಿಲ್ಲ.

ಸವಾರ ಅಸ್ತ್ರವಲ್ಲ

2023ರ ನವೆಂಬರಿನಲ್ಲಿ ರಷ್ಯಾ ಜತೆಗಿನ ಫಿನ್ಲೆಂಡಿನ ಗಡಿಯಲ್ಲಿ ಮತ್ತೆ ಸೈಕಲ್ಲುಗಳು ಕಾಣಿಸಿಕೊಂಡವು. ಫಿನ್ಲೆಂಡ್ ಸರ್ಕಾರ ಮೊದಲು ಗಡಿಯನ್ನು ಸೈಕಲ್ಲಿನಲ್ಲಿ ದಾಟುವುದನ್ನು ನಿಷೇಧಿಸಿತು, ಬಳಿಕ ಪೂರ್ವದ ಗಡಿಠಾಣೆಗಳನ್ನೆಲ್ಲ ಮುಚ್ಚಿತು. 2024ರ ಜುಲೈನಲ್ಲಿ, ಗಡಿಗೆ ಬಂದವರ ಆಶ್ರಯದ ಅರ್ಜಿಯನ್ನೇ ಸ್ವೀಕರಿಸದೆ ತಿರುಗಿಸಿ ಕಳಿಸಲು ಅವಕಾಶ ಕೊಡುವ ಕಾನೂನನ್ನು ಅಲ್ಲಿನ ಸಂಸತ್ತು ಒಪ್ಪಿತು. ರಷ್ಯಾ ಜನರನ್ನು ಬೇಕೆಂದೇ ಗಡಿಗೆ ತಳ್ಳುತ್ತಿದೆ ಎಂಬುದು ಫಿನ್ಲೆಂಡಿನ ಆರೋಪ. ಆ ಆತಂಕವನ್ನು ತಳ್ಳಿಹಾಕಲಾಗದು. ಆದರೆ ತಳ್ಳಿದ ಕೈ ಯಾವುದೇ ಇರಲಿ, ಸೈಕಲ್ ಮೇಲೆ ಕೂತವನ ಹಿಂದೆ ಒಂದು ಬದುಕಿದೆ, ಒಂದು ಭಯವಿದೆ. ಅದನ್ನು ಕೇಳಿಸಿಕೊಳ್ಳುತ್ತೇವೆಂದು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿದ ದೇಶಗಳು ಮಾತು ಕೊಟ್ಟಿವೆ.

ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟನ್ನರಿಗೆ ಜಾಗ ಕೊಟ್ಟು, ಅವರು ಮುಸುಕಿನ ಜೋಳ ಬೆಳೆದು, ಗೊಂಪಾ (ಬೌದ್ಧ ಮಠ) ಕಟ್ಟಿಕೊಂಡು ತಲೆಮಾರುಗಳ ಕಾಲ ಬಾಳಿದ್ದನ್ನು ಕರ್ನಾಟಕ ಕಂಡಿದೆ. ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಯುರೋಪಿನಲ್ಲೂ ಮನಸ್ಸು ಮಾಡಿದವರಿದ್ದಾರೆ. ಸಾಂತ್ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯ ಮತ್ತು ಪ್ರೊಟೆಸ್ಟೆಂಟ್ ಚರ್ಚುಗಳು ಇಟಲಿ ಸರ್ಕಾರದ ಜತೆ 2015ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡವು. ಮರು ವರ್ಷದ ಫೆಬ್ರುವರಿಯಿಂದ ಲೆಬನಾನಿನಲ್ಲಿದ್ದ ಸಿರಿಯಾದ ಕುಟುಂಬಗಳು ಮಾನವೀಯ ವೀಸಾ ಹಿಡಿದು ವಿಮಾನದಲ್ಲಿ ರೋಮ್‌ಗೆ ಬಂದವು. ದೋಣಿ ಮುಳುಗಲಿಲ್ಲ, ದಲ್ಲಾಳಿಗೆ ಹಣ ಹೋಗಲಿಲ್ಲ, ಬರುವವರು ಯಾರೆಂಬುದು ಸರ್ಕಾರಕ್ಕೂ ಮೊದಲೇ ಗೊತ್ತಿತ್ತು.

ವಲಸಿಗರ ಪರವಾಗಿ ನೂರಾರು ಮೈಲಿ ಸೈಕಲ್ ತುಳಿಯುವವರ ಶ್ರಮ ದೊಡ್ಡದು. ಅವರ ದನಿಗೆ ದನಿ ಸೇರಿಸುವವರು ಸರ್ಕಾರಗಳ ಮುಂದಿಡಬೇಕಾದ ಬೇಡಿಕೆ ಸ್ಪಷ್ಟವಿದೆ: ಪ್ರಾಣಭಯದಿಂದ ಓಡಿಬಂದವರಿಗೆ ಮಾನವೀಯ ವೀಸಾ ಕೊಡಿ, ವಿಮಾನದ ಟಿಕೆಟ್ ಕೊಳ್ಳಲು ಬಿಡಿ, ಅವರ ಮಾತು ಪೂರ್ತಿ ಕೇಳಿದ ಮೇಲೆ ತೀರ್ಪು ಕೊಡಿ.